ಮುಗಿದೂ ಮುಗಿಯದ ಕೌದಿ: ಅಂಚಿಗೆ ಪಟ್ಟಿ ಕಟ್ಟಿ ಮುಗಿಸುವುದು ಹೇಗೆ?

ನನ್ನ ಕಪಾಟಿನಲ್ಲಿ ಒಂದು ಕಾಲಕ್ಕೆ ಮೂರು ಕೌದಿಗಳು ಮಡಚಿ ಕೂತಿದ್ದವು. ಮೇಲಿನ ತುಂಡುಗಳ ಜೋಡಣೆ ಆಗಿತ್ತು. ಒಳಗೆ ಹತ್ತಿಯ ಪದರ ಇಟ್ಟು, ಹಿಂಬದಿಯ ಬಟ್ಟೆ ಸೇರಿಸಿ, ಮೂರೂ ಪದರಕ್ಕೆ ಹೊಲಿಗೆ ಹಾಕಿದ್ದೂ ಆಗಿತ್ತು. ಸುತ್ತಲಿನ ಅಂಚಿಗೆ ಪಟ್ಟಿ ಕಟ್ಟುವುದು ಮಾತ್ರ ಉಳಿದಿತ್ತು. ಕೇಳಿದವರಿಗೆಲ್ಲ "ಮುಗೀತು, ಅಂಚೊಂದು ಬಾಕಿ" ಎನ್ನುತ್ತಿದ್ದೆ. ಆ ಒಂದು ಬಾಕಿ ಎರಡು ವರ್ಷ ಎಳೆಯಿತು.

ಅದರಲ್ಲೊಂದನ್ನು ಮಗು ಎಳೆದುಕೊಂಡು ಹೊದೆಯಲು ಶುರುಮಾಡಿತು. ಅಂಚು ಆಮೇಲೆ ಕಟ್ಟಿದರಾಯ್ತು ಅಂತ ನಾನೂ ಸುಮ್ಮನಿದ್ದೆ. ಒಂದು ಸಲ ಮಷಿನ್‌ಗೆ ಹಾಕಿ ಒಗೆದೆ. ಹೊರಗೆ ತೆಗೆದಾಗ ನಾಲ್ಕೂ ಕಡೆ ಎಳೆ ಬಿಚ್ಚಿಕೊಂಡು ಗಡ್ಡದ ಹಾಗೆ ನೇತಾಡುತ್ತಿತ್ತು, ನಡುವೆ ಹತ್ತಿ ಇಣುಕುತ್ತಿತ್ತು. ಕೊನೆಗೆ ಸುತ್ತಲೂ ಮುಕ್ಕಾಲು ಇಂಚು ಕತ್ತರಿಸಿ ಹಾಕಬೇಕಾಯಿತು. ಅಂಚಿನ ಸಾಲಿನಲ್ಲಿದ್ದ ನಕ್ಷತ್ರಗಳ ತುದಿಗಳೆಲ್ಲ ಅದರ ಜೊತೆಗೇ ಹೋದವು. ಈಗಲೂ ಆ ಕೌದಿಯಲ್ಲಿ ನನಗೆ ಮೊದಲು ಕಾಣುವುದು ಆ ಮೊಂಡು ನಕ್ಷತ್ರಗಳೇ.

ಹಾಗಾಗಿ ಈ ಬರಹದಲ್ಲಿ ಎರಡು ವಿಷಯ ಇವೆ: ಅಂಚು ಕಟ್ಟಲು ಮನಸ್ಸು ತಂದುಕೊಳ್ಳುವುದು ಹೇಗೆ, ಮನಸ್ಸು ಬಂದ ಮೇಲೆ ಕಟ್ಟುವುದು ಹೇಗೆ. ನಿಜ ಹೇಳಬೇಕೆಂದರೆ ಎರಡೂ ಬೇರೆ ಬೇರೆ ಅಲ್ಲ. ಕಟ್ಟುವ ಕ್ರಮ ಸರಿಯಾಗಿ ಗೊತ್ತಿದ್ದರೆ ಅರ್ಧ ಬೇಸರ ಅಲ್ಲೇ ಕಳೆಯುತ್ತದೆ.

ಕೈ ಯಾಕೆ ಹಿಂಜರಿಯುತ್ತದೆ?

ಸೋಮಾರಿತನ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಆದರೆ ತಿಂಗಳುಗಟ್ಟಲೆ ಕೂತು ನೂರಾರು ತುಂಡು ಜೋಡಿಸಿದವರು ಸೋಮಾರಿಗಳಾಗುವುದು ಹೇಗೆ? ಕಾರಣ ಬೇರೆ. ಬಣ್ಣ ಆರಿಸುವುದು, ವಿನ್ಯಾಸ ಕೂಡಿಸುವುದು ಎಲ್ಲ ಮುಗಿದುಹೋಗಿರುತ್ತದೆ. ಹೊಸದಾಗಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಉಳಿದದ್ದು ಲೆಕ್ಕ, ಕತ್ತರಿಸುವುದು, ಉದ್ದಕ್ಕೆ ಒಂದೇ ಥರ ಹೊಲಿಯುವುದು. ಜೊತೆಗೆ ಒಂದು ಸಣ್ಣ ಭಯವೂ ಇರುತ್ತದೆ: ಇಷ್ಟು ಚೆನ್ನಾಗಿ ಬಂದದ್ದನ್ನು ಮೂಲೆಯಲ್ಲಿ ಕೆಡಿಸಿಬಿಟ್ಟರೆ? ಇಷ್ಟು ಹೊತ್ತಿಗೆ ತಲೆಯಲ್ಲಿ ಮುಂದಿನ ಕೌದಿಯ ಬಣ್ಣ ಓಡಾಡುತ್ತಿರುತ್ತದೆ, ಅದೂ ಒಂದು ಕಾರಣ. ಈ ರೋಗ ಎಷ್ಟು ಸಾಮಾನ್ಯ ಅಂದರೆ, ಇಂಗ್ಲಿಷ್ ಮಾತಾಡುವ ಕ್ವಿಲ್ಟ್ ಪ್ರಿಯರು ಅರೆಬರೆ ಉಳಿದ ಕೆಲಸಕ್ಕೆ 'ಯೂಎಫ್‌ಓ' ಅಂತಲೇ ಹೆಸರಿಟ್ಟಿದ್ದಾರೆ. ಅನ್‌ಫಿನಿಶ್ಡ್ ಆಬ್ಜೆಕ್ಟ್ ಅಂತ ಅದರ ಅರ್ಥ.

ನನಗೆ ದಾರಿ ತೋರಿಸಿದ್ದು ಒಂದು ಸಣ್ಣ ಬದಲಾವಣೆ. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ 'ಅಂಚು ಕಟ್ಟುವುದು' ಅಂತ ಬರೆದುಕೊಳ್ಳುವುದನ್ನು ಬಿಟ್ಟೆ. ಅದು ಒಂದು ಕೆಲಸವಲ್ಲ, ಐದು ಕೆಲಸ: ಪಟ್ಟಿ ಕತ್ತರಿಸಿ ಜೋಡಿಸುವುದು, ಕೌದಿಯ ಅಂಚು ನೇರ ಮಾಡುವುದು, ಮಷಿನ್‌ನಲ್ಲಿ ಒಂದು ಸುತ್ತು ಹೊಲಿಯುವುದು, ಎರಡು ತುದಿ ಕೂಡಿಸುವುದು, ಹಿಂದಕ್ಕೆ ಮಡಚಿ ಮುಗಿಸುವುದು. ಮೊದಲನೆಯದಕ್ಕೆ ಇಸ್ತ್ರಿ ಬೇಕು, ಎರಡನೆಯದಕ್ಕೆ ದೊಡ್ಡ ನೆಲ ಬೇಕು, ಮೂರು ಮತ್ತು ನಾಲ್ಕಕ್ಕೆ ಮಷಿನ್ ಬೇಕು, ಐದನೆಯದಕ್ಕೆ ಒಳ್ಳೆ ಬೆಳಕು ಮತ್ತು ತಾಳ್ಮೆ ಸಾಕು. ಐದನ್ನೂ ಒಂದೇ ದಿನ ಮಾಡಬೇಕು ಅಂತ ಯಾರೂ ಹೇಳಿಲ್ಲ.

ಇನ್ನೊಂದು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಅಂಚಿನ ಪಟ್ಟಿಯನ್ನು ಕೌದಿ ಮುಗಿಯುವ ಮುಂಚೆಯೇ ತಯಾರು ಮಾಡಿ ಇಡಿ. ಮೇಲಿನ ತುಂಡುಗಳನ್ನು ಜೋಡಿಸುತ್ತಿರುವಾಗ ಬಟ್ಟೆಗಳೆಲ್ಲ ಹೊರಗೇ ಇರುತ್ತವೆ, ಇಸ್ತ್ರಿ ಬಿಸಿ ಇರುತ್ತದೆ, ಉತ್ಸಾಹವೂ ಇರುತ್ತದೆ. ಆಗಲೇ ಪಟ್ಟಿ ಕತ್ತರಿಸಿ, ಜೋಡಿಸಿ, ಮಡಚಿ ಇಸ್ತ್ರಿ ಮಾಡಿ, ಒಂದು ರಟ್ಟಿನ ಸುರುಳಿಗೆ ಸುತ್ತಿ ಕೌದಿಯ ಜೊತೆಗೇ ಇಟ್ಟುಬಿಡಿ. ಮೂರು ತಿಂಗಳ ನಂತರ ಆ ಸುರುಳಿ ಕೈಗೆ ಸಿಕ್ಕಿದಾಗ ಆಗುವ ಸಮಾಧಾನವೇ ಬೇರೆ. ಇನ್ನು ಹೊಲಿಯುವುದಷ್ಟೇ ಬಾಕಿ ಅನ್ನಿಸುತ್ತದೆ. ಮೊದಲಿಗೆ ಲೆಕ್ಕ ಹಾಕಿ ಕತ್ತರಿಸಬೇಕಾಗಿದ್ದರೆ, ಕಪಾಟಿನ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಪಟ್ಟಿಯ ಲೆಕ್ಕ

ದಿನಬಳಕೆಯ ಕೌದಿಗೆ ಎರಡು ಮಡಿಕೆಯ ಪಟ್ಟಿಯೇ ಸರಿ. ಅಂದರೆ ಅಗಲದ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಹೊಲಿಯುವುದು. ಅಂಚಿನ ಮೇಲೆ ಎರಡು ಪದರ ಬಟ್ಟೆ ಬರುವುದರಿಂದ ಜಾಸ್ತಿ ದಿನ ಬಾಳುತ್ತದೆ. ಕೌದಿಯಲ್ಲಿ ಮೊದಲು ಸವೆಯುವುದು ಅಂಚೇ ಅಲ್ವಾ.

ಅಗಲ ಎಷ್ಟಿರಬೇಕು? ಒಳಪದರ ತೆಳುವಾಗಿದ್ದು ಅಂಚಿನಿಂದ ಕಾಲಿಂಚು ಒಳಗೆ ಹೊಲಿಯುವುದಾದರೆ 2.25 ಇಂಚು. ಒಳಪದರ ದಪ್ಪವಾಗಿದ್ದರೆ ಅಥವಾ ಮೊದಲ ಸಲ ಕಟ್ಟುತ್ತಿದ್ದರೆ 2.5 ಇಂಚು. ಹೊಸಬರಿಗೆ ಆ ಕಾಲಿಂಚು ದೊಡ್ಡ ನೆಮ್ಮದಿ. ಆದರೆ ಒಂದು ಎಚ್ಚರ ಇರಲಿ. ಅಂಚಿನವರೆಗೂ ನಕ್ಷತ್ರ, ತ್ರಿಕೋನದಂಥ ಚೂಪು ವಿನ್ಯಾಸ ಇದ್ದರೆ ಹೊಲಿಗೆ ಕಾಲಿಂಚಿಗಿಂತ ಒಳಗೆ ಹೋಗಬಾರದು. 3/8 ಇಂಚಿಗೆ ಹೋದರೆ ತುದಿಗಳು ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತವೆ.

ಉದ್ದದ ಲೆಕ್ಕ ಹೀಗೆ. 45 ಇಂಚು ಅಗಲ, 60 ಇಂಚು ಉದ್ದದ ಕೌದಿ ಅಂದುಕೊಳ್ಳಿ. ಸುತ್ತಳತೆ 210 ಇಂಚು. ಮೂಲೆಗಳಿಗೆ ಮತ್ತು ಕೊನೆಯ ಜೋಡಣೆಗೆ 12 ಇಂಚು ಸೇರಿಸಿ, 222 ಆಯಿತು. ಬಟ್ಟೆಯ ಅಗಲ 44 ಇಂಚು ಇದ್ದರೆ, ನೇಯುವಾಗಲೇ ಬಂದ ಎರಡೂ ಬದಿಯ ಗಟ್ಟಿ ಅಂಚನ್ನು ತೆಗೆದ ಮೇಲೆ ಕೈಗೆ ಸಿಗುವುದು ಸುಮಾರು 42. 222ನ್ನು 42ರಿಂದ ಭಾಗಿಸಿದರೆ ಐದಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ 6 ಪಟ್ಟಿ. ಪಟ್ಟಿಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸುವಾಗ (ಕ್ರಮ ಮುಂದೆ ಇದೆ) ಪ್ರತಿ ಸಲ ಒಂದು ಪಟ್ಟಿಯ ಅಗಲದಷ್ಟು, ಅಂದರೆ 2.5 ಇಂಚು ಉದ್ದ ಕಮ್ಮಿಯಾಗುತ್ತದೆ. ಐದು ಜೋಡಣೆಗೆ 12.5 ಇಂಚು ಕಳೆದರೂ 239 ದಾಟಿ ಉಳಿಯುತ್ತದೆ, ಸಾಕು. 6 ಪಟ್ಟಿಗೆ ಬೇಕಾದ ಬಟ್ಟೆ 15 ಇಂಚು. ಅರ್ಧ ಮೀಟರ್ ತೆಗೆದುಕೊಂಡರೆ ಧಾರಾಳ. ಈ ಓರೆ ಜೋಡಣೆಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ, ಕೊನೆಗೆ ನಾಲ್ಕು ಇಂಚು ಸಾಲದೆ ಒದ್ದಾಡಿದ ಅನುಭವ ನನಗಿದೆ.

ನೇರ ಪಟ್ಟಿಯೋ (ಬಟ್ಟೆಯ ಎಳೆಯ ನೇರಕ್ಕೆ ಕತ್ತರಿಸಿದ್ದು), ಓರೆ ಪಟ್ಟಿಯೋ (ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ದು)? ನಾಲ್ಕೂ ಬದಿ ನೇರ ಇದ್ದರೆ ನೇರ ಪಟ್ಟಿ ಸಾಕು, ಬಟ್ಟೆಯೂ ಉಳಿಯುತ್ತದೆ. ಅಂಚು ಅಲೆಯಾಕಾರದಲ್ಲಿ ಇದ್ದರೆ ಅಥವಾ ಮೂಲೆ ದುಂಡಗಿದ್ದರೆ ಓರೆ ಪಟ್ಟಿಯೇ ಬೇಕು, ಏಕೆಂದರೆ ಓರೆಯಾಗಿ ಕತ್ತರಿಸಿದ ಬಟ್ಟೆ ಮಾತ್ರ ಸ್ವಲ್ಪ ಹಿಗ್ಗಿ ತಿರುವಿನಲ್ಲಿ ಕೂರುತ್ತದೆ. ಓರೆ ಪಟ್ಟಿ ಬಾಳಿಕೆಯಲ್ಲೂ ಒಂದು ಕೈ ಮೇಲು. ನೇರ ಪಟ್ಟಿಯ ಮಡಿಕೆಯ ಏಣಿನಲ್ಲಿ ಉದ್ದಕ್ಕೂ ಅದೇ ಒಂದೆರಡು ಎಳೆಗಳು ಉಜ್ಜಿಸಿಕೊಳ್ಳುತ್ತವೆ. ಅವು ಕಿತ್ತರೆ ಅಂಚು ಉದ್ದಕ್ಕೆ ಸೀಳುತ್ತದೆ. ಓರೆ ಪಟ್ಟಿಯಲ್ಲಿ ಆ ಉಜ್ಜಾಟ ಅಡ್ಡಹಾಯುವ ಎಷ್ಟೋ ಎಳೆಗಳಿಗೆ ಹಂಚಿಹೋಗುತ್ತದೆ. ಓರೆ ಪಟ್ಟಿಗೆ ಬಟ್ಟೆ ಎಷ್ಟು ಬೇಕು ಅಂತ ತಿಳಿಯಲು ಉದ್ದವನ್ನು ಅಗಲದಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ನಮ್ಮ ಕೌದಿಗೆ 222 × 2.5 = 555, ವರ್ಗಮೂಲ 23.6. ಜೋಡಣೆಯ ನಷ್ಟಕ್ಕೆ ಎಂದು ಸ್ವಲ್ಪ ಸೇರಿಸಿ 26 ಇಂಚಿನ ಚೌಕ ತೆಗೆದುಕೊಂಡರೆ ಚಿಂತೆ ಇಲ್ಲ.

ಗೆರೆ ಗೆರೆ ಬಟ್ಟೆ ಇದ್ದರೆ ಒಮ್ಮೆ ಓರೆ ಕತ್ತರಿಸಿ ನೋಡಿ. ಅಂಚಿನ ಸುತ್ತ ಹಗ್ಗ ಹೊಸೆದ ಹಾಗೆ ಕಾಣುತ್ತದೆ. ನನಗೆ ಅಂಚು ಕಟ್ಟುವ ಆಸೆ ಹುಟ್ಟಿಸಿದ್ದೇ ಅಂಥ ಒಂದು ಕೆಂಪು ಬಿಳಿ ಗೆರೆಯ ಪಟ್ಟಿ.

ಬಣ್ಣದ ವಿಷಯ ಬಂತಲ್ಲ, ಇನ್ನೊಂದು ಮಾತು. ಗಾಢ ಬಣ್ಣದ ಅಂಚು ಚೌಕಟ್ಟಿನ ಹಾಗೆ ಕೂರುತ್ತದೆ, ಕೊಳೆಯೂ ಬೇಗ ಕಾಣುವುದಿಲ್ಲ. ಆದರೆ ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳು ಬಣ್ಣ ಬಿಡಬಹುದು. ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಬಿಸಿನೀರಿನಲ್ಲಿ ಅದ್ದಿ ಪರೀಕ್ಷಿಸಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಪಟ್ಟಿ ಬೇಡ.

ಪಟ್ಟಿಗಳನ್ನು ಜೋಡಿಸುವುದು

ಎರಡು ಪಟ್ಟಿಗಳ ಸೀದಾ ಕಡೆ ಒಂದಕ್ಕೊಂದು ಮುಖ ಮಾಡಿ, ತುದಿಗಳನ್ನು ಮೂಲೆಮಟ್ಟವಾಗಿ, ಅಂದರೆ ಎಲ್ ಆಕಾರ ಬರುವಂತೆ, ಒಂದರ ಮೇಲೊಂದು ಇಡಿ. ಅಲ್ಲಿ 2.5 ಇಂಚಿನ ಒಂದು ಚೌಕ ಆಗುತ್ತದೆ. ಆ ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅದರ ಮೇಲೆ ಹೊಲಿಯಿರಿ. ಕಾಲಿಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಹೊಲಿಗೆಯ ಎರಡು ಬದಿಯನ್ನೂ ಬಿಡಿಸಿ ಇಸ್ತ್ರಿ ಮಾಡಿ. ನೇರಕ್ಕೆ ಜೋಡಿಸಿದರೆ ಆಗದೇ ಅಂದರೆ ಆಗುತ್ತದೆ. ಆದರೆ ಮಡಚಿದಾಗ ಎಲ್ಲ ಪದರ ಒಂದೇ ಕಡೆ ಬಂದು ಅಲ್ಲೊಂದು ಗಂಟು ಏಳುತ್ತದೆ. ಓರೆ ಜೋಡಣೆಯಲ್ಲಿ ಆ ದಪ್ಪ ಹಂಚಿಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಉದ್ದಕ್ಕೆ ಅರ್ಧ ಮಡಚಿ, ಸೀದಾ ಕಡೆ ಹೊರಗೆ ಬರುವಂತೆ ಇಸ್ತ್ರಿ ಮಾಡಿ. ಓರೆ ಪಟ್ಟಿಯಾದರೆ ಇಸ್ತ್ರಿಯನ್ನು ಎಳೆಯಬೇಡಿ, ಎತ್ತಿ ಎತ್ತಿ ಒತ್ತಿ. ಎಳೆದರೆ ಹಿಗ್ಗಿಬಿಡುತ್ತದೆ.

ಕೌದಿಯ ಅಂಚು ನೇರ ಮಾಡುವುದು

ಇದನ್ನು ಅವಸರದಲ್ಲಿ ಮಾಡಬೇಡಿ. ಕೌದಿಯನ್ನು ನೆಲದ ಮೇಲೆ ಹರಡಿ, ಎಳೆಯದೆ ಕೈಯಲ್ಲಿ ಸವರಿ ಮಟ್ಟ ಮಾಡಿ. ಉದ್ದ ಸ್ಕೇಲ್ ಇಟ್ಟು ಮೂರೂ ಪದರ ಸೇರಿಸಿ ಕತ್ತರಿಸಿ. ರೋಟರಿ ಕಟರ್ (ಉರುಳುವ ದುಂಡು ಬ್ಲೇಡಿನ ಕಟರ್) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಚೂಪು ಕತ್ತರಿಯಲ್ಲಿ ಕತ್ತರಿಸಿ. ಸ್ಕೇಲನ್ನು ಒಳಗಿನ ಯಾವುದಾದರೂ ಹೊಲಿಗೆ ಗೆರೆಗೆ ಸಮವಾಗಿ ಹಿಡಿದರೆ ಅಂಚು ಸೊಟ್ಟ ಹೋಗುವುದಿಲ್ಲ. ಮೂಲೆಗೆ ಎಲ್ ಆಕಾರದ ಸ್ಕೇಲೇ ಬೇಕು ಅಂತಿಲ್ಲ, ಗಟ್ಟಿ ರಟ್ಟಿನ ದೊಡ್ಡ ಪುಸ್ತಕ ಇಟ್ಟರೂ ಮೂಲೆಮಟ್ಟ ಸಿಗುತ್ತದೆ. ಕೊನೆಗೆ ಎದುರು ಬದುರು ಬದಿಗಳನ್ನು ಅಳೆಯಿರಿ. ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ. ಎರಡು ಕರ್ಣ ಸಮ ಇದ್ದರೆ ಕೌದಿ ಚೌಕಾಗಿದೆ.

ಅಂಚು ಅಲೆ ಅಲೆಯಾಗಿ ಏಳುತ್ತಿದೆಯೇ? ಹೊಲಿಗೆಯಲ್ಲಿ ಅಂಚು ಹಿಗ್ಗಿದೆ ಅಂತ ಅರ್ಥ. ತುದಿಯಿಂದ 1/8 ಇಂಚು ಒಳಗೆ ಮಷಿನ್‌ನಲ್ಲಿ ಉದ್ದ ಹೊಲಿಗೆ, ಅಂದರೆ 4 ಮಿಲಿಮೀಟರ್ ಇಟ್ಟು ಒಂದು ಸುತ್ತು ಹೊಲಿಯಿರಿ. ಅಲೆ ಎದ್ದಲ್ಲಿ ಆ ದಾರವನ್ನು ಮೆಲ್ಲಗೆ ಎಳೆದು ಸ್ವಲ್ಪ ಕೂಡಿಸಿ. ಅಲೆ ಇಲ್ಲದಿದ್ದರೂ ಈ ಒಂದು ಸುತ್ತು ಹಾಕುವುದು ಒಳ್ಳೆಯದು, ಮೂರು ಪದರಗಳು ಜಾರುವುದಿಲ್ಲ.

ಹೆಸರು, ವರ್ಷ ಬರೆದ ಚೀಟಿ ಹಾಕುವ ಆಸೆ ಇದ್ದರೆ ಅದಕ್ಕೂ ಇದೇ ಸಮಯ. 5 ಇಂಚಿನ ಒಂದು ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ. ಹಿಂಬದಿಯ ಒಂದು ಮೂಲೆಯಲ್ಲಿ ಅದರ ಎರಡು ಬಿಚ್ಚು ಅಂಚು (ಮಡಿಕೆ ಇಲ್ಲದ, ಕತ್ತರಿಸಿದ ಬದಿ) ಕೌದಿಯ ಅಂಚಿಗೆ ಸೇರುವಂತೆ ಇಟ್ಟು ಗುಂಡುಸೂಜಿ ಚುಚ್ಚಿ. ಪಟ್ಟಿ ಕಟ್ಟುವಾಗ ಎರಡು ಬದಿ ತಾನಾಗಿ ಹೊಲಿದುಹೋಗುತ್ತದೆ.

ಮಷಿನ್‌ನಲ್ಲಿ ಒಂದು ಸುತ್ತು

ಹೊಲಿಯುವ ಮೊದಲು ಪಟ್ಟಿಯನ್ನು ಸುಮ್ಮನೆ ಕೌದಿಯ ಸುತ್ತ ಒಮ್ಮೆ ಹಿಡಿದುಕೊಂಡು ಹೋಗಿ. ಯಾವುದಾದರೂ ಜೋಡಣೆ ಸರಿಯಾಗಿ ಮೂಲೆಗೇ ಬರುತ್ತಿದೆಯಾ ನೋಡಿ. ಬಂದರೆ ಶುರುವಾಗುವ ಜಾಗವನ್ನು ನಾಲ್ಕು ಬೆರಳು ಆಚೆ ಈಚೆ ಸರಿಸಿ. ಮೂಲೆಯ ಮಡಿಕೆ, ಜೋಡಣೆಯ ದಪ್ಪ ಎರಡೂ ಒಂದೇ ಕಡೆ ಸೇರಿದರೆ ಸೂಜಿ ಮುರಿಯುವುದು ಖಂಡಿತ ಅಂತಲ್ಲ, ಆದರೆ ನಿಮ್ಮ ತಾಳ್ಮೆ ಮುರಿಯುತ್ತದೆ.

ಒಂದು ಬದಿಯ ಮಧ್ಯದಿಂದ ಶುರುಮಾಡಿ. ಪಟ್ಟಿಯ ಎರಡು ಬಿಚ್ಚು ಅಂಚು ಕೌದಿಯ ಅಂಚಿಗೆ ಸೇರಬೇಕು, ಮಡಿಕೆ ಒಳಮುಖವಾಗಿರಬೇಕು. ಕೈಹೊಲಿಗೆಯಲ್ಲಿ ಮುಗಿಸುವುದಾದರೆ ಪಟ್ಟಿಯನ್ನು ಕೌದಿಯ ಮುಂಬದಿಗೆ ಇಡಿ. ಮೊದಲ 10 ಇಂಚು ಹೊಲಿಯದೆ ಬಾಲದ ಹಾಗೆ ಬಿಡಿ. ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇರಲಿ. ಮಷಿನ್‌ನ ಮಾಮೂಲಿ ಪಾದದ ಬದಲು ಹಾಕುವ ವಾಕಿಂಗ್ ಫುಟ್ ಇದ್ದರೆ ಹಾಕಿ. ಅದು ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಒಂದೇ ವೇಗದಲ್ಲಿ ಎಳೆಯುವುದರಿಂದ ಪಟ್ಟಿ ಸುಕ್ಕಾಗುವುದಿಲ್ಲ. ಪಟ್ಟಿಯನ್ನು ಎಳೆದು ಹಿಡಿಯಬೇಡಿ. ಬಿಗಿಯಾದರೆ ಕೌದಿಯ ಅಂಚು ಬಟ್ಟಲಿನ ಹಾಗೆ ಒಳಕ್ಕೆ ಬಾಗುತ್ತದೆ. ಕೌದಿಯ ಭಾರ ಮೇಜಿನಿಂದ ಕೆಳಗೆ ಜೋತಾಡಿದರೂ ಹೊಲಿಗೆ ಎಳೆಯುತ್ತದೆ, ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಅದರ ಮೇಲೆ ಹೊರಿಸಿ.

ಆರೇಳು ಇಂಚು ಹೊಲಿದು ನಿಲ್ಲಿಸಿ. ಪಟ್ಟಿಯನ್ನು ಹಿಂದಕ್ಕೆ ಮಡಚಿ ನೋಡಿ. ಮಡಿಕೆ ಹಿಂಬದಿಯ ಹೊಲಿಗೆ ಗೆರೆಯನ್ನು ಕೂದಲೆಳೆಯಷ್ಟು ದಾಟಿ ಮುಚ್ಚಬೇಕು, ಪಟ್ಟಿಯ ಒಳಗೆ ಹತ್ತಿ ತುಂಬಿದ ಹಾಗಿರಬೇಕು. ಒಳಗೆ ಟೊಳ್ಳಾದ ಅಂಚು ಬೇಗ ಸವೆಯುತ್ತದೆ. ಟೊಳ್ಳಿದ್ದರೆ ಹೊಲಿಗೆಯನ್ನು ಸ್ವಲ್ಪ ಒಳಕ್ಕೆ ಸರಿಸಿ. ಮಡಿಕೆ ಎಟುಕದಿದ್ದರೆ ಹೊರಕ್ಕೆ. ಈಗ ಬಿಚ್ಚುವುದು ಆರೇಳು ಇಂಚು ಮಾತ್ರ, ಆಮೇಲಾದರೆ 210.

ಮೂಲೆ

ಜನ ಹೆದರುವುದು ಇಲ್ಲೇ. ಕೆಲಸ ನಿಜವಾಗಿ ನಾಲ್ಕು ಚಲನೆ ಅಷ್ಟೆ.

1. ಮೂಲೆಗೆ ಕಾಲಿಂಚು ಇರುವಾಗ ಹೊಲಿಗೆ ನಿಲ್ಲಿಸಿ. ಹಿಂದೆ ಮುಂದೆ ಎರಡು ಹೊಲಿಗೆ ಹಾಕಿ ಗಟ್ಟಿ ಮಾಡಿ, ದಾರ ಕತ್ತರಿಸಿ. ನಿಮ್ಮ ಹೊಲಿಗೆ 3/8 ಇಂಚಿನದಾದರೆ ಇಲ್ಲೂ 3/8ಕ್ಕೇ ನಿಲ್ಲಿಸಬೇಕು. ಈ ಎರಡು ಅಳತೆ ಬೇರೆಯಾದರೆ ಮೂಲೆ ಕೂರುವುದೇ ಇಲ್ಲ.

2. ಕೌದಿಯನ್ನು ತಿರುಗಿಸಿ. ಪಟ್ಟಿಯನ್ನು ಮೇಲಕ್ಕೆ, ನಿಮ್ಮಿಂದ ದೂರಕ್ಕೆ ಮಡಚಿ. ಅದರ ಬಿಚ್ಚು ಅಂಚು ಮುಂದೆ ಹೊಲಿಯಬೇಕಾದ ಬದಿಯ ನೇರಕ್ಕೆ ಬರಬೇಕು. ಮೂಲೆಯಲ್ಲಿ 45 ಡಿಗ್ರಿಯ ಒಂದು ಓರೆ ಮಡಿಕೆ ತಾನಾಗಿ ಆಗುತ್ತದೆ.

3. ಆ ಮಡಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಹಾಗೇ ಕೆಳಕ್ಕೆ ಇಳಿಸಿ. ಮೇಲೆ ಆಗುವ ಹೊಸ ಮಡಿಕೆ ಕೌದಿಯ ಮೇಲಂಚಿಗೆ ಸರಿಯಾಗಿ ಸಮ ಇರಬೇಕು.

4. ಮೇಲಂಚಿನಿಂದಲೇ ಹೊಲಿಗೆ ಶುರುಮಾಡಿ ಮುಂದೆ ಹೋಗಿ.

ಓದುವಾಗ ತಲೆ ತಿರುಗಿದರೆ ಒಂದು ಕಾಗದದ ಪಟ್ಟಿ ತೆಗೆದುಕೊಂಡು ಮೇಜಿನ ಮೂಲೆಯಲ್ಲಿ ಮಡಚಿ ನೋಡಿ. ಇನ್ನೂ ಒಳ್ಳೆಯದು, 12 ಇಂಚಿನ ಒಂದು ಪುಟ್ಟ ಕೌದಿ ಮಾಡಿ. ಎರಡು ತುಂಡು ಬಟ್ಟೆ, ನಡುವೆ ಮಿಕ್ಕ ಒಳಪದರ, ಅಡ್ಡಡ್ಡ ನಾಲ್ಕು ಹೊಲಿಗೆ. ಅದಕ್ಕೆ ಅಂಚು ಕಟ್ಟಿ. ಒಂದು ಸಂಜೆಯಲ್ಲಿ ನಾಲ್ಕು ಮೂಲೆ, ಒಂದು ಜೋಡಣೆ ಎಲ್ಲ ಕೈಗೆ ಬರುತ್ತದೆ. ಕೆಟ್ಟರೂ ಬಿಸಿ ಪಾತ್ರೆ ಇಳಿಸಲು ಆಯಿತು. ಉತ್ಸಾಹ ಬತ್ತಿ ಹೋದವರಿಗೆ ನಾನು ಮೊದಲು ಹೇಳುವುದು ಇದನ್ನೇ. ದೊಡ್ಡ ಕೌದಿಯನ್ನು ಹಾಗೇ ಬಿಟ್ಟು ಸಣ್ಣದೊಂದನ್ನು ಮುಗಿಸಿ. ಮುಗಿಸುವ ರುಚಿ ಒಮ್ಮೆ ಹತ್ತಿದರೆ ಕಪಾಟಿನಲ್ಲಿರುವುದೂ ಹೊರಗೆ ಬರುತ್ತದೆ.

ಎರಡು ತುದಿ ಕೂಡಿಸುವುದು

ನಾಲ್ಕೂ ಮೂಲೆ ಮುಗಿಸಿ ಶುರುವಾದ ಜಾಗಕ್ಕೆ ಬಂದಾಗ 12 ಇಂಚು ದೂರ ಇರುವಾಗಲೇ ನಿಲ್ಲಿಸಿ. ಈಗ ಎರಡು ಬಾಲಗಳು ಇರುತ್ತವೆ. ಎರಡನ್ನೂ ಕೌದಿಯ ಅಂಚಿನ ಮೇಲೆ ಮಟ್ಟವಾಗಿ ಹಾಸಿ. ಒಂದರ ಮೇಲೊಂದು ಎಷ್ಟು ಬರಬೇಕು? ಪಟ್ಟಿ ಬಿಡಿಸಿದಾಗ ಎಷ್ಟು ಅಗಲವೋ ಅಷ್ಟೇ, ಅಂದರೆ ನಮ್ಮ ಲೆಕ್ಕಕ್ಕೆ ಸರಿಯಾಗಿ 2.5 ಇಂಚು. ಅಷ್ಟಕ್ಕೆ ಗುರುತು ಮಾಡಿ ಉಳಿದದ್ದನ್ನು ನೇರಕ್ಕೆ ಕತ್ತರಿಸಿ. ಟೇಪು ಹಿಡಿಯುವ ಬದಲು ಅದೇ ಪಟ್ಟಿಯ ಒಂದು ತುಂಡನ್ನು ಬಿಡಿಸಿ ಅಳತೆಗೆ ಇಟ್ಟುಕೊಂಡರೆ ತಪ್ಪೇ ಆಗುವುದಿಲ್ಲ.

ಈಗ ಎರಡು ತುದಿಯನ್ನೂ ಬಿಡಿಸಿ, ಸೀದಾ ಕಡೆ ಎದುರು ಬದುರಾಗಿ, ಮೂಲೆಮಟ್ಟಕ್ಕೆ ಇಟ್ಟು, ಮೊದಲಿನ ಹಾಗೇ ಓರೆಯಾಗಿ ಹೊಲಿಯಬೇಕು. ಕೌದಿಯ ಭಾರ ಎಳೆಯುವುದರಿಂದ ಇದು ಸ್ವಲ್ಪ ಪೇಚಿನ ಕೆಲಸ. ಹೊಲಿಯದೆ ಬಿಟ್ಟ ಜಾಗದಲ್ಲಿ ಕೌದಿಯನ್ನು ಮಡಚಿ ಒಂದು ಕ್ಲಿಪ್ ಹಾಕಿದರೆ ಪಟ್ಟಿಗೆ ಸಡಿಲ ಸಿಗುತ್ತದೆ. ಗುಂಡುಸೂಜಿ ಚುಚ್ಚಿ, ಹೊಲಿಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಪಟ್ಟಿ ತಿರುಚಿಕೊಂಡಿಲ್ಲ ತಾನೇ? ಹೊಲಿದ ಮೇಲೆ, ಕತ್ತರಿಸುವ ಮೊದಲು, ಮತ್ತೊಮ್ಮೆ ನೋಡಿ. ಅಂಚಿನ ಮೇಲೆ ಸರಿಯಾಗಿ ಕೂತಿದ್ದರೆ ಕಾಲಿಂಚು ಬಿಟ್ಟು ಕತ್ತರಿಸಿ, ಬೆರಳಲ್ಲೇ ಒತ್ತಿ, ಮಡಚಿ, ಉಳಿದ ಜಾಗ ಹೊಲಿದುಬಿಡಿ.

ಇದು ಬೇಡವೇ ಬೇಡ ಅನ್ನುವವರಿಗೆ ಸುಲಭದ ದಾರಿಯೂ ಇದೆ. ಶುರುವಿನ ತುದಿಯನ್ನು ಮೊದಲೇ ಓರೆಯಾಗಿ ಒಳಕ್ಕೆ ಮಡಚಿ ಇಟ್ಟುಕೊಳ್ಳಿ. ಕೊನೆಯ ತುದಿಯನ್ನು ಅದರ ಹೊಟ್ಟೆಯೊಳಗೆ ತೂರಿಸಿ ಹೊಲಿಯಿರಿ. ಸ್ವಲ್ಪ ದಪ್ಪ ಕಾಣುತ್ತದೆ, ಆದರೆ ಕೌದಿ ಹೊದ್ದು ಮಲಗುವವರು ಅದನ್ನು ಹುಡುಕಿಕೊಂಡು ಹೋಗುವುದಿಲ್ಲ.

ಹಿಂದಕ್ಕೆ ಮಡಚಿ ಮುಗಿಸುವುದು: ಕೈಯೋ, ಮಷಿನ್ನೋ?

ಕೈಯಲ್ಲಿ ಮುಗಿಸಿದ ಅಂಚಿನ ಚಂದವೇ ಚಂದ, ಹೊಲಿಗೆ ಕಾಣುವುದಿಲ್ಲ. ಆದರೆ ಕೈಹೊಲಿಗೆಯೇ ಶ್ರೇಷ್ಠ ಎಂಬ ಹಮ್ಮಿನಿಂದ ಎಷ್ಟೋ ಕೌದಿಗಳು ಕಪಾಟಿನಲ್ಲಿ ಕೊಳೆಯುತ್ತಿವೆ. ಮಕ್ಕಳು ಎಳೆದಾಡುವ, ಪದೇ ಪದೇ ಒಗೆಯುವ ಕೌದಿಗೆ ಮಷಿನ್ ಹೊಲಿಗೆಯೇ ಗಟ್ಟಿ. ಬೇಗ ಆಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಷಿನ್‌ನಲ್ಲಿ ಮುಗಿಸುವುದಾದರೆ ಕ್ರಮ ತಿರುವುಮುರುವು. ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಮುಂದಕ್ಕೆ ಮಡಚಿ, ಮಡಿಕೆಯ ಏಣಿನ ಪಕ್ಕದಲ್ಲೇ ಮೇಲಿನಿಂದ ಹೊಲಿಯಿರಿ. ಆಗ ಅಚ್ಚುಕಟ್ಟಾದ ಹೊಲಿಗೆ ಮುಂದೆ ಕಾಣುತ್ತದೆ. ಕೆಳಗಿನ ಬಾಬಿನ್ ದಾರ ಹಿಂಬದಿಯ ಬಟ್ಟೆಯ ಬಣ್ಣದ್ದಿರಲಿ. ನೇರ ಹೊಲಿಗೆ ಅಲ್ಲಲ್ಲಿ ಜಾರುತ್ತದೆ ಅನ್ನಿಸಿದರೆ ಅಂಕುಡೊಂಕು ಹೊಲಿಗೆ ಹಾಕಿ. ಸೊಟ್ಟ ಹೋದದ್ದು ಅದರಲ್ಲಿ ಗೊತ್ತೇ ಆಗುವುದಿಲ್ಲ.

ಕೈಹೊಲಿಗೆಗೆ 10ನೇ ನಂಬರಿನ ತೆಳು ಸೂಜಿ, ಪಟ್ಟಿಯ ಬಣ್ಣದ ಹತ್ತಿ ದಾರ ತೆಗೆದುಕೊಳ್ಳಿ. ದಾರ 18 ಇಂಚಿಗಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಗಂಟನ್ನು ಪಟ್ಟಿಯ ಕೆಳಗೆ ಅಡಗಿಸಿ. ಸೂಜಿಯನ್ನು ಪಟ್ಟಿಯ ಮಡಿಕೆಯಿಂದ ಹೊರಕ್ಕೆ ತೆಗೆದು, ಅದರ ನೇರಕ್ಕೇ ಹಿಂಬದಿಯ ಬಟ್ಟೆಗೆ ಚುಚ್ಚಿ. ಒಳಪದರದ ಒಳಗೇ ಕಾಲಿಂಚಿಗೆ ಸ್ವಲ್ಪ ಕಡಿಮೆ ದೂರ ಓಡಿಸಿ ಹೊರಕ್ಕೆ ತನ್ನಿ. ಮಡಿಕೆಯ ಎರಡು ಮೂರು ಎಳೆ ಹಿಡಿಯಿರಿ. ಮತ್ತೆ ಹಾಗೇ. ಸೂಜಿ ಮುಂಬದಿಗೆ ದಾಟಬಾರದು, ಆಗಾಗ ತಿರುಗಿಸಿ ನೋಡಿ. ಮೂಲೆಗೆ ಬಂದಾಗ ಹಿಂಬದಿಯ ಓರೆ ಮಡಿಕೆಯನ್ನು ಮುಂಬದಿಯ ಮಡಿಕೆಗೆ ವಿರುದ್ಧ ದಿಕ್ಕಿಗೆ ಮಲಗಿಸಿ. ಎರಡೂ ಒಂದೇ ಕಡೆ ಬಿದ್ದರೆ ಮೂಲೆ ಉಂಡೆಯಾಗುತ್ತದೆ. ಆ ಮಡಿಕೆಗಳ ಬಾಯಿಗೆ ಮೂರು ನಾಲ್ಕು ಹೊಲಿಗೆ ಹಾಕಿ ಮುಚ್ಚಿ.

ಇಂಚಿಗೆ ಐದು ಹೊಲಿಗೆ ಅಂದರೆ 210 ಇಂಚಿಗೆ 1050 ಹೊಲಿಗೆ. ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ನಾನು ಮಾಡುವುದು ಹೀಗೆ. ಹತ್ತು ಸೂಜಿಗಳನ್ನು ಸಾಲಾಗಿ ಒಂದೇ ದಾರದ ಉಂಡೆಗೆ ಪೋಣಿಸಿಡುತ್ತೇನೆ. ಬೇಕಾದಾಗ ಒಂದು ಸೂಜಿಯನ್ನು ಮುಂದೆ ಎಳೆದು, ಉಳಿದವನ್ನು ಹಿಂದಕ್ಕೆ ತಳ್ಳಿ, ದಾರ ಕತ್ತರಿಸುತ್ತೇನೆ. ದಾರ ಪೋಣಿಸಲು ಕಣ್ಣು ಕಿರಿದು ಮಾಡುವ ಆ ಒಂದು ನಿಮಿಷದಲ್ಲೇ ಎಷ್ಟೋ ಸಲ ನಾನು ಎದ್ದುಹೋಗಿದ್ದೇನೆ, ಅದಕ್ಕೆ ಈ ಉಪಾಯ. ಕ್ಲಿಪ್‌ಗಳನ್ನು ಇಡೀ ಕೌದಿಗೆ ಹಾಕುವುದಿಲ್ಲ. ಎರಡಡಿಗೆ ಮಾತ್ರ ಹಾಕುತ್ತೇನೆ. ಇವತ್ತು ಈ ಕೊನೆಯ ಕ್ಲಿಪ್‌ವರೆಗೆ, ಅಷ್ಟೇ. ಕಿವಿಗೆ ಏನಾದರೂ ಹಾಕಿಕೊಂಡರೆ ಆ ಎರಡಡಿ ಯಾವಾಗ ಮುಗಿಯಿತೋ ತಿಳಿಯುವುದಿಲ್ಲ. ದಿನಕ್ಕೆ ಎರಡಡಿ ಅಂದರೂ ನಮ್ಮ ಕೌದಿಗೆ ಒಂಬತ್ತು ದಿನ. ಸೆಕೆಗಾಲದಲ್ಲಿ ಮಾತ್ರ ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ಮೇಜಿನ ಮೇಲೆ ಹರಡಿ. ಬೆವರಿಗೆ ಬೇಸತ್ತು ಬಿಟ್ಟ ಕೆಲಸಕ್ಕೆ ಮತ್ತೆ ಕೈ ಹಾಕುವುದು ಕಷ್ಟ.

ಪಟ್ಟಿಯೇ ಬೇಡ ಅನ್ನುವವರಿಗೆ

ಹಿಂಬದಿಯ ಬಟ್ಟೆಯನ್ನೇ ಮುಂದಕ್ಕೆ ತಂದು ಅಂಚು ಮಾಡಬಹುದು. ಮೇಲಿನ ಬಟ್ಟೆ ಮತ್ತು ಒಳಪದರವನ್ನು ಸಮ ಕತ್ತರಿಸಿ, ಹಿಂಬದಿಯ ಬಟ್ಟೆ ಮಾತ್ರ ಸುತ್ತಲೂ 1 ಇಂಚು ಜಾಸ್ತಿ ಇರುವಂತೆ ಬಿಡಿ. ಅದರ ತುದಿ ಕೌದಿಯ ಅಂಚಿಗೆ ತಾಗುವಂತೆ ಅರ್ಧ ಇಂಚು ಮಡಚಿ, ಮತ್ತೆ ಅರ್ಧ ಇಂಚು ಮುಂದಕ್ಕೆ ಮಡಚಿ ಹೊಲಿದರೆ ಆಯಿತು. ಕತ್ತರಿಸುವಾಗ ಕೆಳಗಿನ ಬಟ್ಟೆಗೆ ಕತ್ತರಿ ತಾಗದಂತೆ ನೋಡಿಕೊಳ್ಳಿ. ಏಣಿನಲ್ಲಿ ಒಂದೇ ಪದರ ಇರುವುದರಿಂದ ಬೇಗ ಸವೆಯುತ್ತದೆ. ಗೋಡೆಗೆ ತೂಗುಹಾಕುವುದಕ್ಕೆ, ಅಪರೂಪಕ್ಕೆ ಬಳಸುವುದಕ್ಕೆ ಇದು ಚೆನ್ನ.

ಇನ್ನೊಂದು, ದಿಂಬಿನ ಚೀಲದ ಹಾಗೆ ಸೀದಾ ಕಡೆ ಒಳಗಿಟ್ಟು ಸುತ್ತ ಹೊಲಿದು, ಬಿಟ್ಟ ಬಾಯಿಯಿಂದ ಮಗುಚುವುದು. ಇದನ್ನು ಮೂರು ಪದರದ ಹೊಲಿಗೆ ಹಾಕುವ ಮೊದಲೇ ಮಾಡಬೇಕು. ಹಾಗಾಗಿ ಈಗಾಗಲೇ ಕಪಾಟಿನಲ್ಲಿ ಕೂತಿರುವ ಕೌದಿಗೆ ಇದು ಪ್ರಯೋಜನವಿಲ್ಲ.

ಉಳಿದ ತುಂಡು

ಕಟ್ಟಿ ಮಿಕ್ಕ ಪಟ್ಟಿಯನ್ನು ಎಸೆಯಬೇಡಿ. ಕೌದಿ ಒಗೆಯುವಾಗಲೆಲ್ಲ ಅದನ್ನೂ ಜೊತೆಗೆ ಹಾಕಿ, ಇಬ್ಬರ ಬಣ್ಣವೂ ಒಟ್ಟಿಗೇ ಮಾಸಲಿ. ಎಂದಾದರೂ ಅಂಚು ಒಂದು ಕಡೆ ಹರಿದರೆ ಇಡೀ ಪಟ್ಟಿ ಬಿಚ್ಚಬೇಕಾಗಿಲ್ಲ. ಹರಿದ ಜಾಗಕ್ಕಿಂತ ಆ ಕಡೆ ಈ ಕಡೆ ಎರಡಿಂಚು ಉದ್ದದ ತುಂಡನ್ನು ಆ ಮಿಕ್ಕದ್ದರಿಂದ ಕತ್ತರಿಸಿ, ನಾಲ್ಕೂ ಬದಿ ಒಳಕ್ಕೆ ಮಡಚಿ, ಹಳೆಯ ಅಂಚಿನ ಮೇಲೆಯೇ ಹೊದಿಸಿ ಕೈಯಲ್ಲಿ ಹೊಲಿದುಬಿಡಿ. ನನ್ನ ಮೊಂಡು ನಕ್ಷತ್ರದ ಕೌದಿಯಲ್ಲಿ ಅಂಥ ತೇಪೆ ಈಗ ಎರಡು ಇವೆ. ಎಲ್ಲಿವೆ ಅಂತ ನಾನೇ ಹುಡುಕಬೇಕು.